ನಲ್ಲಿಯ ನೀರಿಗೂ ಒಂದು ವರದಿ ಇದೆ, ಕೇಳಿದ್ದೀರಾ?

ಮಗುವಿಗೆ ಜ್ವರ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸುತ್ತೇವೆ. ವರದಿ ಕೈಸೇರುವವರೆಗೆ ತಾಯಿಗೆ ನಿದ್ದೆ ಹತ್ತುವುದಿಲ್ಲ. ಅದೇ ಮಗು ದಿನವೂ ಕುಡಿಯುವ ನೀರಿನ ವರದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಹಲವರು ಜೀವ ಕಳೆದುಕೊಂಡರು. ಮರುವರ್ಷ ಮೇ ತಿಂಗಳಲ್ಲಿ ನಮಗೆ ಇನ್ನೂ ಹತ್ತಿರದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಹತ್ತಾರು ಮಂದಿ ವಾಂತಿಭೇದಿಯಿಂದ ನರಳಿದರು, ಒಬ್ಬ ಯುವಕ ತೀರಿಕೊಂಡ. ರೋಗ ತರುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಕಣ್ಣು, ಮೂಗು, ನಾಲಿಗೆ ಮೂರೂ ಮೋಸಹೋಗುವ ಕಡೆ ಪರೀಕ್ಷೆಯೊಂದೇ ದಾರಿ.

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಿರಲಿ, ಹನೂರು, ಯಳಂದೂರಿನ ಹಳ್ಳಿಗಳಿರಲಿ, ನೀರು ಕೊಡುವ ಹೊಣೆ ಗ್ರಾಮ ಪಂಚಾಯಿತಿಯದು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರತಿ ಮನೆಗೆ ನಲ್ಲಿ, ತಲಾ ದಿನಕ್ಕೆ 55 ಲೀಟರ್ ನೀರು ಎಂದು ಗುರಿ ಇಟ್ಟುಕೊಂಡಿತು. ನೀರಿನ ಗುಣಮಟ್ಟ ಪರೀಕ್ಷೆಯೂ ಆ ಯೋಜನೆಯ ಭಾಗ ಎಂಬುದು ಅನೇಕರಿಗೆ ಗೊತ್ತಿಲ್ಲ. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬುದು ಅದರ ನಿಯಮ. ಕಿಟ್‌ನ ಫಲಿತಾಂಶವನ್ನು ಮೊಬೈಲ್‌ನಲ್ಲೇ ದಾಖಲಿಸಬಹುದು. ಹಳ್ಳಿಯ ನೀರು ಕೆಟ್ಟಿದೆ ಎಂಬುದು ತಾಲ್ಲೂಕು, ಜಿಲ್ಲೆಯ ಅಧಿಕಾರಿಗಳಿಗೆ ಕಾಗದ ಓಡಾಡುವ ಮೊದಲೇ ತಿಳಿಯಲಿ ಎಂಬುದು ಇದರ ಉದ್ದೇಶ. ಕವಾಡಿಗರಹಟ್ಟಿಯಂಥ ದುರಂತದಲ್ಲಿ ಒಂದು ದಿನ ಮೊದಲು ತಿಳಿದರೂ ಜೀವ ಉಳಿಯುತ್ತದೆ.

ಕಿಟ್ ಏನು ಹೇಳುತ್ತದೆ?

ಕಿಟ್‌ನಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟಾಗ ನೀರು ಕಪ್ಪಾದರೆ, ಅದರಲ್ಲಿ ಮಲದ ರೋಗಾಣು ಸೇರಿರುವ ಸಂಭವವಿದೆ. ಆಗ ತಡಮಾಡದೆ ಪಂಚಾಯಿತಿಗೆ ತಿಳಿಸಿ, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಕ್ಲೋರಿನ್‌ನದು. ಮದ್ದಿನ ಹನಿ ಹಾಕಿದಾಗ ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಇದೆ ಎಂದರ್ಥ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೂ ಬೀದಿಯ ಕೊನೆಯ ಮನೆಯಲ್ಲಿ ಬಣ್ಣ ಬಾರದಿದ್ದರೆ, ಪ್ರಮಾಣ ಸಾಲದೆ ಹೋಗಿರಬಹುದು ಅಥವಾ ನಡುವೆ ಎಲ್ಲೋ ಪೈಪು ಒಡೆದು ಚರಂಡಿ ನೀರು ಸೇರುತ್ತಿರಬಹುದು. ಆದ್ದರಿಂದ ಟ್ಯಾಂಕಿನ ಬುಡದಲ್ಲಿ ಮಾತ್ರವಲ್ಲ, ಕೊನೆಯ ನಲ್ಲಿಯಲ್ಲೂ ಪರೀಕ್ಷೆ ನಡೆಯಬೇಕು.

ಕಾಯಿಸಿದರೆ ಎಲ್ಲವೂ ಸರಿಯಾಗದು

ನೀರನ್ನು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ಬೋರ್‌ವೆಲ್ ನೀರಿನಲ್ಲಿ ಸೇರಿರಬಹುದಾದ ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ನೈಟ್ರೇಟ್ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಸುಗೂಸಿಗೆ ಬಾಟಲಿ ಹಾಲು ಕಲಸಿಕೊಡುವುದು ಅಪಾಯ. ನಿಮ್ಮ ಬೀದಿಯ ನೀರಿನಲ್ಲಿ ಯಾವ ದೋಷವಿದೆ ಎಂದು ತಿಳಿದರೆ ಮಾತ್ರ ಮದ್ದು ಯಾವುದೆಂದು ತಿಳಿಯುತ್ತದೆ.

ನಾವೇನು ಮಾಡಬಹುದು?

ಪಂಚಾಯಿತಿ ಕಚೇರಿಗೆ ಹೋಗಿ ಪಿಡಿಒ ಅವರಲ್ಲಿ ಕೊನೆಯ ಪರೀಕ್ಷೆ ಯಾವಾಗ ನಡೆಯಿತು, ಫಲಿತಾಂಶ ಏನು ಎಂದು ವಿಚಾರಿಸಿ. ಕಿಟ್ ಯಾರ ಬಳಿ ಇದೆ ಎಂದೂ ಕೇಳಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಿಟ್ ಯಾರ ಹೊಟ್ಟೆನೋವನ್ನೂ ತಡೆಯದು. ಗ್ರಾಮಸಭೆಯಲ್ಲಿ ವರದಿಯನ್ನು ಓದಿ ಹೇಳುವಂತೆ ಕೋರಿ. ಅಲ್ಲಿ ನಮ್ಮ ಹೆಣ್ಣುಮಕ್ಕಳೂ ಕುಳಿತು ಮಾತಾಡಲಿ, ಮನೆಗೆ ನೀರು ಹಿಡಿಯುವವರು ಅವರೇ ತಾನೆ. ದೂರಿಗೆ ಉತ್ತರ ಬಾರದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಸೀದಿ ಕಮಿಟಿಗಳ ಪಾಲೂ ಇದೆ. ವುಝೂ ಮಾಡುವಾಗ ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರೆಳೆಯುತ್ತೇವೆ. ಮದ್ರಸದ ಮಕ್ಕಳು ಅದೇ ನಲ್ಲಿಗೆ ಬಾಯಿಡುತ್ತಾರೆ. ಆದ್ದರಿಂದ ಮಸೀದಿಯ ಟ್ಯಾಂಕು, ಹೌಝ್‌ನ ನೀರನ್ನೂ ಪರೀಕ್ಷೆಗೆ ಕೊಡಿ. ಟ್ಯಾಂಕನ್ನು ಆಗಾಗ ತೊಳೆಸಿ, ಮುಚ್ಚಳ ಭದ್ರವಾಗಿರಲಿ. ಊರಿನ ನೀರು ಕೆಟ್ಟಿದೆ ಎಂದು ವರದಿ ಬಂದ ದಿನ ಮಸೀದಿಯ ಮೈಕಿನಲ್ಲಿ ಹೇಳಿದರೆ ಫೋನ್ ಇಲ್ಲದ ಅಜ್ಜಿಗೂ ಸುದ್ದಿ ಮುಟ್ಟುತ್ತದೆ.

ನಿಂತ ನೀರನ್ನು ಹೊಲಸು ಮಾಡಬೇಡಿರೆಂದು ಪ್ರವಾದಿ ಮುಹಮ್ಮದ್(ಸ)ರು ತಾಕೀತು ಮಾಡಿದ್ದರು. ಮದೀನಾದಲ್ಲಿ ಹಣ ಕೊಟ್ಟರಷ್ಟೇ ನೀರು ಸಿಗುತ್ತಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ)ರು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಇಂದು ನಮಗೆ ಬಾವಿ ಕೊಳ್ಳುವ ಶಕ್ತಿ ಇಲ್ಲದಿರಬಹುದು. ಊರಿನ ನೀರಿನ ವರದಿ ಕೇಳಿ, ಕೆಟ್ಟಿದ್ದರೆ ಸರಿಪಡಿಸುವವರೆಗೆ ಬೆನ್ನುಬೀಳುವುದಕ್ಕೆ ಹಣ ಬೇಕಿಲ್ಲ. ಆ ನಲ್ಲಿಯಿಂದ ಕುಡಿಯುವುದು ನಮ್ಮ ಮಕ್ಕಳು ಮಾತ್ರವಲ್ಲ, ಎಲ್ಲ ಕೇರಿಯ ಮಕ್ಕಳೂ ಹೌದು.