ಸ್ಪ್ಯಾನಿಷ್ ವ್ಯವಹಾರದಲ್ಲಿ ಸಲಿಗೆಯ ಮಾತು ಮತ್ತು ಬೈಗುಳ

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಮೆಕ್ಸಿಕೊ, ಚಿಲಿ, ಸ್ಪೇನ್ ಮೊದಲಾದ ಕಡೆಗೆ ಸರಕು ಕಳುಹಿಸುವವರು ದರಪಟ್ಟಿ, ಲೇಬಲ್ಲುಗಳನ್ನು ಆ ಭಾಷೆಗೆ ತರಿಸುವಾಗ ಸಾಮಾನ್ಯವಾಗಿ ನಿಘಂಟಿನ ಅರ್ಥವನ್ನಷ್ಟೇ ಪರಿಶೀಲಿಸುತ್ತಾರೆ. ಆದರೆ ಅಲ್ಲಿ ಒಂದೇ ಶಬ್ದವು ಗೆಳೆಯನ ಬಾಯಲ್ಲಿ ವಿನೋದವಾಗಿ, ಅಪರಿಚಿತನ ಬಾಯಲ್ಲಿ ಅವಮಾನವಾಗಿ ಪರಿಣಮಿಸುವುದುಂಟು. ಇದರಿಂದ ಹಣದ ನಷ್ಟವೂ ಆಗಬಹುದೆಂಬುದಕ್ಕೆ ದಾಖಲೆಯಿರುವ ಉದಾಹರಣೆಯೇ ಇದೆ.

2020ರ ನವೆಂಬರ್ 29ರಂದು ಮ್ಯಾಂಚೆಸ್ಟರ್ ಯುನೈಟೆಡ್ ಪರ ಎರಡು ಗೋಲು ಹೊಡೆದ ಉರುಗ್ವೆಯ ಆಟಗಾರ ಎಡಿನ್ಸನ್ ಕವಾನಿ, ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಂನಲ್ಲಿ 'ಗ್ರಾಸಿಯಾಸ್ ನೆಗ್ರಿತೊ' ಎಂದು ಉತ್ತರಿಸಿದರು. ಧನ್ಯವಾದ, ಕರಿಯಪ್ಪಾ ಎಂಬಷ್ಟರ ಸಲಿಗೆ ಅದು. 'ನೆಗ್ರೊ' ಎಂದರೆ ಕಪ್ಪು. 'ಇತೊ' ಎಂಬ ಪ್ರತ್ಯಯ ಸೇರಿದಾಗ ಮುದ್ದಿನ ಛಾಯೆ ಬರುತ್ತದೆ. ಉರುಗ್ವೆಯಲ್ಲಿ ಮೈಬಣ್ಣವನ್ನು ಲೆಕ್ಕಿಸದೆ ಆಪ್ತರನ್ನು ಹೀಗೆ ಕರೆಯುವ ವಾಡಿಕೆಯಿದೆ. ನಮ್ಮ ತಾಯಂದಿರು ಮಗುವನ್ನು 'ಕಳ್ಳ' ಎನ್ನುವುದಿಲ್ಲವೇ? ಆದರೂ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಡಿಸೆಂಬರ್ 31ರಂದು ಅವರಿಗೆ ಒಂದು ಲಕ್ಷ ಪೌಂಡ್ ದಂಡ ಹಾಗೂ ಮೂರು ಪಂದ್ಯಗಳ ನಿಷೇಧ ವಿಧಿಸಿತು. ಅವಮಾನಿಸುವ ಉದ್ದೇಶ ಅವರಿಗಿರಲಿಲ್ಲವೆಂದು ವಿಚಾರಣಾ ಆಯೋಗವೇ ಒಪ್ಪಿತ್ತು. ಉರುಗ್ವೆಯ ರಾಷ್ಟ್ರೀಯ ಸಾಹಿತ್ಯ ಅಕಾಡೆಮಿಯು ಈ ತೀರ್ಪನ್ನು ಪ್ರತಿಭಟಿಸಿತು. ಭಾಷೆಯ ದೃಷ್ಟಿಯಿಂದ ಅಕಾಡೆಮಿಯ ವಾದವೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಬರಹವು ಬರೆದವನ ಮುಖವನ್ನು ತನ್ನೊಡನೆ ಒಯ್ಯುವುದಿಲ್ಲ, ದಂಡದ ಮೊತ್ತವೂ ಕಡಿಮೆಯಾಗಲಿಲ್ಲ.

ಲ್ಯಾಟಿನ್ ಅಮೆರಿಕದೊಳಗೇ ಈ ಶಬ್ದದ ಮೌಲ್ಯ ಬದಲಾಗುತ್ತಿದೆ. ಚಿಲಿಯಲ್ಲಿ ನೆಸ್ಲೆ ಕಂಪನಿಯು 'ನೆಗ್ರಿತಾ' ಬಿಸ್ಕತ್ತಿಗೆ 'ಚೋಕಿತಾ' ಎಂದು ಮರುನಾಮಕರಣ ಮಾಡಿತು. ಪೆರುವಿನ ಅಲಿಕಾರ್ಪ್ ಕಂಪನಿ ತನ್ನ 'ನೆಗ್ರಿತಾ' ಮುದ್ರೆಯನ್ನು 2021ರಲ್ಲಿ 'ಉಮ್ಶಾ' ಎಂದು ಬದಲಿಸಿತು. ಹಳೆಯ ಹೆಸರಿನ ವರ್ಚಸ್ಸನ್ನು ಬಿಟ್ಟುಕೊಡುವುದು ಸಣ್ಣ ತೀರ್ಮಾನವಲ್ಲ.

ಪ್ರಾಣಿಗಳ ಹೆಸರುಗಳದು ಇನ್ನೊಂದು ಬಗೆ. 'ಕಬ್ರೋನ್' ಎಂದರೆ ಹೋತ. ಸಿಟ್ಟಿನಲ್ಲಿ ಅಂದರೆ ಅದು ಕಟು ಬೈಗುಳ. ಮೆಕ್ಸಿಕೊದಲ್ಲಿ ಗೆಳೆಯರ ನಡುವೆ ಅದೇ 'ಭಲೇ ಗಟ್ಟಿಗ' ಎಂಬ ಮೆಚ್ಚುಗೆ. ಬೀಜ ಒಡೆದ ಎತ್ತನ್ನು ಸೂಚಿಸುವ 'ಬುಯೆಯ್' ಎಂಬುದರಿಂದ ಬಂದ 'ಗುಯೆಯ್' ಒಮ್ಮೆ ಮೂಢನೆಂಬ ಬೈಗುಳವಾಗಿತ್ತು. ಈಗ ಮೆಕ್ಸಿಕೊದ ಯುವಕರಿಗೆ ಅದು ನಮ್ಮ 'ಮಗಾ' ಇದ್ದಂತೆ. ಅರ್ಜೆಂಟೀನಾದ 'ಬೊಲುದೊ' ಕೂಡ ಹೀಗೆಯೇ: ಗೆಳೆಯನಿಗೆ ಸಂಬೋಧನೆ, ಅಪರಿಚಿತನಿಗೆ 'ದಡ್ಡ' ಎಂಬ ನಿಂದೆ. ತಮ್ಮ ದೇಶವನ್ನು ಪ್ರತಿನಿಧಿಸುವ ಶಬ್ದವಾಗಿ ಕವಿ ಹುವಾನ್ ಹೆಲ್ಮನ್ 2013ರಲ್ಲಿ ಇದನ್ನೇ ಆರಿಸಿದ್ದರು. ಇನ್ನು 'ಪೆಲಾದೊ' ಎಂಬುದು ಕೊಲಂಬಿಯಾದಲ್ಲಿ ಹುಡುಗ, ಅರ್ಜೆಂಟೀನಾದಲ್ಲಿ ಬೋಳುತಲೆಯವನು, ಮೆಕ್ಸಿಕೊದಲ್ಲಿ ಸಂಸ್ಕಾರಹೀನ.

ಸರಕಿನ ಹೆಸರಿಡುವಾಗಲೂ ಎಚ್ಚರ ಬೇಕು. ನಮ್ಮ ರಸ್ತೆಗಳಲ್ಲಿಯೂ ಓಡಿದ ಮಿತ್ಸುಬಿಷಿ 'ಪಜೆರೊ' ದಕ್ಷಿಣ ಅಮೆರಿಕದ ಒಂದು ಕಾಡುಬೆಕ್ಕಿನ ಹೆಸರನ್ನು ಹೊತ್ತಿದೆ. ಆಡುಮಾತಿನಲ್ಲಿ ಆ ಶಬ್ದಕ್ಕೆ ಈ ಪುಟಗಳಲ್ಲಿ ಬರೆಯಲಾಗದ ಅರ್ಥವಿರುವುದರಿಂದ ಸ್ಪೇನಿನಲ್ಲಿ ಅದನ್ನು 'ಮೊಂತೇರೊ' ಎಂದು ಮಾರಲಾಯಿತು. (ಷೆವ್ರೊಲೆ 'ನೋವಾ' ಎಂದರೆ 'ಓಡುವುದಿಲ್ಲ' ಎಂದಾಗಿ ಕಾರು ಮಾರಾಟವಾಗಲಿಲ್ಲವೆಂದು ಮ್ಯಾನೇಜ್‌ಮೆಂಟ್ ಉಪನ್ಯಾಸಗಳಲ್ಲಿ ಹೇಳುವುದು ಮಾತ್ರ ಕಟ್ಟುಕಥೆ, ಅದು ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು.)

ಗಿರಾಕಿಯು ಸಲಿಗೆಯಿಂದ ತಮ್ಮನ್ನು 'ಗೋರ್ದೊ', ಅಂದರೆ ದಪ್ಪನೆಯವನೇ, ಎಂದು ಕರೆದರೆ ಬೇಸರಪಡಬೇಕಾಗಿಲ್ಲ. ಸ್ಪೇನಿನ ಕ್ರಿಸ್ಮಸ್ ಲಾಟರಿಯ ಮೊದಲ ಬಹುಮಾನಕ್ಕೂ 'ಎಲ್ ಗೋರ್ದೊ' ಎಂದೇ ಹೆಸರು. ಆದರೆ ಅದೇ ಧಾಟಿಯಲ್ಲಿ ಪತ್ರೋತ್ತರ ಬರೆಯುವುದು ಬೇಡ. 'ಎಸ್ತಿಮಾದೊ ಸೆನ್ಯೋರ್' ಎಂದು ಆರಂಭಿಸಿ, 'ನೀವು' ಎಂಬರ್ಥದ 'ಉಸ್ತೆದ್' ಬಳಸುವುದು ಕ್ಷೇಮ. ಲೇಬಲ್ಲು ಅಚ್ಚಿಗೆ ಹೋಗುವ ಮೊದಲು, ಸರಕು ಯಾವ ದೇಶಕ್ಕೆ ಹೋಗುವುದೋ ಆ ದೇಶದವರಿಂದಲೇ ಓದಿಸತಕ್ಕದ್ದು. ಮ್ಯಾಡ್ರಿಡ್‌ನವರ ಒಪ್ಪಿಗೆ ಬ್ಯೂನಸ್ ಐರಿಸ್‌ಗೆ ಸಾಲದು. ಅನುವಾದದ ಶುಲ್ಕವು ವ್ಯಾಪಾರದ ವೆಚ್ಚವೇ ಆಗಿದೆ. ಅನುವಾದಕರು ವಿದೇಶದಲ್ಲಿದ್ದರೆ ಮಾತ್ರ, ಹಣ ರವಾನಿಸುವ ಮುನ್ನ ಮೂಲದಲ್ಲಿ ತೆರಿಗೆ ಕಡಿತದ ವಿಷಯವನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು.