ಹೊತ್ತಿಗೆ, ಉತಾರ, ತಾಮ್ರದ ಕೊಡ

ಮುತ್ತಜ್ಜ ಹುಟ್ಟಿದ ತಾರೀಖು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ತ ಸಂವತ್ಸರ ಮಾತ್ರ ಎಲ್ಲರಿಗೂ ಬಾಯಿಪಾಠ. ‘ಕಾಳಯುಕ್ತಿ ಬ್ಯಾನ್ಯಾಗ ಹ್ವಾದ’ ಅನ್ನುತ್ತಿದ್ದಳು ಅಜ್ಜಿ. ತಾನು ಕಣ್ಣಿಂದ ಕಾಣದ ಮಾವನ ಬಗ್ಗೆ ಅವಳಲ್ಲಿದ್ದದ್ದು ಅಷ್ಟೇ ಮಾತು.

ಆ ಮಾತನ್ನೇ ಹಿಡಿದು ಲೆಕ್ಕಕ್ಕೆ ಕೂತೆ. ಸಂವತ್ಸರಗಳು ಅರವತ್ತು. ಮೊದಲನೆಯ ಪ್ರಭವ ಬಂದದ್ದು 1867ರಲ್ಲಿ, ಮತ್ತೆ 1927ರಲ್ಲಿ. ಕಾಳಯುಕ್ತಿ ಐವತ್ತೆರಡನೆಯದು. ಎಣಿಸಿದರೆ 1918ರ ಯುಗಾದಿಗೆ ಬಂದು ನಿಲ್ಲುತ್ತದೆ. ಅಜ್ಜಿ ಹೇಳುತ್ತಿದ್ದ ಬ್ಯಾನಿ ಯಾವುದೆಂಬುದೂ ಆಗ ತಿಳಿಯಿತು. ಅದು ಆ ವರ್ಷ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇನ್‌ಫ್ಲುಯೆಂಜಾ.

ಸಾವು ಸಿಕ್ಕಿತು, ಹುಟ್ಟು ಸಿಗಬೇಕಿತ್ತು. ಅದಕ್ಕೆ ಸುಗ್ಗಿ ಮುಗಿಯುವವರೆಗೆ ಕಾಯಬೇಕಾಯಿತು, ಹೆಳವರು ಬರುವುದು ಕಣದಲ್ಲಿ ಕಾಳು ಬಿದ್ದ ಮೇಲೆ. ಹೆಳವ ಅಂದರೆ ಕುಂಟ. ಮೂಲಪುರುಷ ನಡೆಯಲಾರದವನಾಗಿದ್ದ, ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಿದ್ದ ಎಂಬುದು ಅವರು ಹೇಳಿಕೊಂಡು ಬಂದ ಕಥೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ಬಾಯಲ್ಲಿ, ಹೊತ್ತಿಗೆಯಲ್ಲಿ ಕಾಪಾಡುವುದು ಅವರ ಕಸುಬು. ಹೊಲ ಪಾಲಾದಂತೆ ಮನೆತನಗಳೂ ಅಣ್ಣತಮ್ಮಂದಿರ ನಡುವೆ ಪಾಲಾಗುತ್ತವೆ. ನಮ್ಮ ಪಾಲಿನ ಹೆಳವನ ಅಪ್ಪ ನಮ್ಮ ಅಜ್ಜನ ಕಟ್ಟೆಗೆ ಬರುತ್ತಿದ್ದ. ಈಗ ಮಗ ಬರುತ್ತಾನೆ, ಎತ್ತಿನ ಬದಲು ಮೋಟಾರ್ ಸೈಕಲ್ ಮೇಲೆ. ಗಂಟೆ ಮಾತ್ರ ಅದೇ.

ಗಂಟೆ ಬಾರಿಸಿ, ಹಿರಿಯರನ್ನು ಒಬ್ಬೊಬ್ಬರನ್ನೇ ಹೆಸರಿಟ್ಟು ಹೊಗಳಿ, ಆಮೇಲೆ ಹೊತ್ತಿಗೆ ಬಿಚ್ಚಿದ. ‘ನಿಮ್ಮ ಮೂಲ ಕಲಾದಗಿ ಕಡಿದ್ರಿ ಧಣಿ. ಧಾತು ಬರದಾಗ ಊರು ಬಿಟ್ರು. ಈ ನಿಮ್ಮ ಮುತ್ಯಾ ಆವಾಗ ಬಗಲಾಗಿನ ಕೂಸು.’

ಧಾತು ಅಂದರೆ 1876. ಮಳೆ ಕೈಕೊಟ್ಟು ಶುರುವಾದ ಆ ಬರ ಮರುವರ್ಷ ಈಶ್ವರದಲ್ಲೂ ಬಿಡಲಿಲ್ಲ. ಈಗಿನ ವಿಜಯಪುರ, ಬಾಗಲಕೋಟೆ ಸೀಮೆ ಆಗ ಕಲಾದಗಿ ಜಿಲ್ಲೆ. 1872ರ ಜನಗಣತಿಗೂ 1881ರ ಗಣತಿಗೂ ನಡುವೆ ಅಲ್ಲಿನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಗಿತ್ತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಕಪ್ಪುಮಣ್ಣಿನ ಸೀಮೆ ಬಿಟ್ಟು, ಮಲೆನಾಡಿನ ಸೆರಗಿನಲ್ಲಿ ಮಳೆ ತುಸು ಗಟ್ಟಿಯಾಗಿರುವ ಕಲಘಟಗಿ ಕಡೆಗೆ ನಮ್ಮವರು ಬಂದದ್ದೇಕೆಂದು ಬೇರೆ ಹೇಳಬೇಕಿಲ್ಲ. ಬಗಲಲ್ಲಿ ಕೂತು ಬಂದ ಕೂಸು ನಲವತ್ತರ ಆಚೀಚೆ ಜ್ವರಕ್ಕೆ ಹೋದ. ಎರಡು ಸಂವತ್ಸರಗಳ ನಡುವೆ ಒಂದು ಆಯುಷ್ಯ.

ಹೆಳವನ ಮಾತಿಗೆ ಸಾಕ್ಷಿ ಬೇಕೆಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದೆ. ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹಕ್ಕಿನ ದಾಖಲೆಗಳು, ನಮ್ಮ ಕಡೆಯ ಮಾತಿನಲ್ಲಿ ಉತಾರ, ಶುರುವಾದವು. ಖಾತೆದಾರ ಸತ್ತರೆ ತಲಾಠಿ ವಾರಸಾ ಡೈರಿ ಬರೆಯಬೇಕಿತ್ತು. ಹಾಳೆ ತಿರುವುತ್ತಾ ಹೋದಂತೆ ಮೊದಲ ತೊಡಕು ಎದುರಾಯಿತು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಅಜ್ಜ ಕಲ್ಲಪ್ಪ, ಮಗ ಬಸಪ್ಪ ಆದರೆ ಮೊಮ್ಮಗ ಮತ್ತೆ ಕಲ್ಲಪ್ಪ. ‘ಕಲ್ಲಪ್ಪ ಬಿನ್ ಬಸಪ್ಪ’ ಎಂದಿದ್ದರೆ ಯಾವ ಕಲ್ಲಪ್ಪ, ಯಾವ ಬಸಪ್ಪ? ಸರ್ವೆ ನಂಬರು, ಆಕಾರದ ರೂಪಾಯಿ-ಆಣೆ ಹಿಡಿದು ಜಾಲಾಡಿದ ಮೇಲೆ 1919ರ ಒಂದು ನೋಂದಣಿ ಸಿಕ್ಕಿತು: ಖಾತೆದಾರ ಮಯ್ಯತ್, ವಾರಸುದಾರ ಮಗ ಅಜ್ಞಾನಿ, ಪಾಲಕಿ ತಾಯಿ. ಅಜ್ಞಾನಿ ಅಂದರೆ ಕಾಗದದ ಭಾಷೆಯಲ್ಲಿ ಅಪ್ರಾಪ್ತ. ತಾಯಿಯ ಹೆಸರಿನ ಮುಂದೆ ‘ಕೋಂ’ ಹಾಕಿ ಸತ್ತ ಗಂಡನ ಹೆಸರು.

ಅಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ಹೆಳವ ನೆನಪಿಟ್ಟದ್ದು ತನಗೆ ಕಾಳು ಅಳೆಯುವ ಯಜಮಾನರನ್ನು, ಸರ್ಕಾರ ನೆನಪಿಟ್ಟದ್ದು ತನಗೆ ಕಂದಾಯ ಕಟ್ಟುವವರನ್ನು. ಮುತ್ತಜ್ಜಿ ಕಾಗದಕ್ಕೆ ಬಂದದ್ದು ವಿಧವೆಯಾಗಿ ಕಂದಾಯದ ಹೊಣೆ ಹೊತ್ತದ್ದರಿಂದ. ಹಾಗಾದರೆ ಬರದಲ್ಲಿ ಕೂಸನ್ನು ಬಗಲಲ್ಲಿ ಹೊತ್ತು ಅಷ್ಟು ದೂರ ನಡೆದವಳ ಹೆಸರು? ಅವಳು ಯಾರಿಗೂ ಏನೂ ಕಟ್ಟಬೇಕಿರಲಿಲ್ಲ. ಹೊತ್ತಿಗೆಯಲ್ಲಿಲ್ಲ, ಉತಾರದಲ್ಲಿಲ್ಲ.

ಮನೆಯಲ್ಲಿ ಈ ಮಾತು ತೆಗೆದಾಗ ಅಪ್ಪ ಬೇರೇನನ್ನೋ ನೆನೆದ. ‘ಅಜ್ಜನ ಅಕ್ಕ ಒಬ್ಬಾಕಿ ಇದ್ಳಲ್ಲ, ಆಕೀನ್ನ ಎಲ್ಲಾರೂ ಅವ್ವಕ್ಕ ಅಂತಿದ್ರು. ಖರೇ ಹೆಸರು ಕರದದ್ದು ನಾ ಕೇಳೇ ಇಲ್ಲ.’ ತಾಯಿಯ ಹೆಸರನ್ನು ಮಗಳಿಗಿಟ್ಟವನು ಆ ಹೆಸರು ಹಿಡಿದು ಗದರುವುದು ಹೇಗೆ? ಅದಕ್ಕೇ ಮಗಳು ‘ಅವ್ವ’ ಆಗುತ್ತಾಳೆ, ತಮ್ಮನಿಗೆ ‘ಅವ್ವಕ್ಕ’. ರೆಕಾರ್ಡ್ ರೂಮಿನಲ್ಲಿ ನನ್ನನ್ನು ಸುಸ್ತು ಮಾಡಿದ ಅದೇ ಪದ್ಧತಿ ಇಲ್ಲಿ ದಾರಿ ತೋರಿಸಿತು.

ಅವ್ವಕ್ಕನನ್ನು ಕೊಟ್ಟ ಊರಿಗೆ ಹೋದೆವು. ಆ ಮನೆಯ ಸೊಸೆ ಅಟ್ಟದಿಂದ ಒಂದು ತಾಮ್ರದ ಕೊಡ ಇಳಿಸಿದಳು. ತವರಿನಿಂದ ಮದುವೆಗೆ ಕೊಟ್ಟದ್ದು, ತಳಕ್ಕೆ ಎರಡು ಸಲ ಬೆಸುಗೆ ಬಿದ್ದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ನಾಲ್ಕು ಅಕ್ಷರ ಎದ್ದುಬಂದವು. ಅಜ್ಜಿಯದೂ ಮೊಮ್ಮಗಳದೂ ಒಂದೇ ಹೆಸರು.

ಮರುವರ್ಷ ಸುಗ್ಗಿಗೆ ಹೆಳವ ಬಂದಾಗ ಆ ಹೆಸರು ಬರೆದುಕೋ ಎಂದೆ. ‘ಹೆಣ್ಮಕ್ಕಳ ಹೆಸರು ಬರಿಯೂ ಪದ್ಧತಿ ಇಲ್ರಿ’ ಎಂದು ಹಿಂದೆಮುಂದೆ ನೋಡಿದ. ಅವ್ವ ಒಳಗಿನಿಂದ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿದು, ‘ಇದು ಆಕೀ ಪಾಲಿಂದು’ ಅಂದಳು. ಹೆಳವ ಪೆನ್ನು ತೆಗೆದ.