ಬೆಂಗಳೂರಿನ ಅಂಚಿನಲ್ಲಿ ಸಂಸಾರ ಹೂಡುವವರಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಗೃಹಸ್ಥರು ನಮ್ಮ ನಾಡಿನಲ್ಲಿ ಇರಲಾರರು. ಮನೆ ಕಟ್ಟುವುದಕ್ಕೆ ಮುನ್ನ ಸ್ಥಳವನ್ನು ನೋಡು ಎಂದು ಮಾತ್ರ ಆ ಗಾದೆ ಹೇಳುವುದಿಲ್ಲ. ಹೇಳುವ ಅಗತ್ಯವೂ ಆಗ ಇದ್ದಿರಲಾರದು. ಹುಟ್ಟಿದ ಊರಿನಲ್ಲಿಯೇ, ಹಿರಿಯರಿಂದ ಬಂದ ಹಿತ್ತಿಲಿನಲ್ಲಿಯೇ, ಹಳೆಯ ಗೋಡೆಯ ಪಕ್ಕದಲ್ಲಿ ಹೊಸ ಗೋಡೆಯೆದ್ದು ಮನೆ ಬೆಳೆಯುತ್ತಿದ್ದ ಕಾಲವದು. ಈಗಿನ ಗೃಹಸ್ಥನ ಪಾಡು ಬೇರೆ. ಉದ್ಯೋಗವು ಅವನನ್ನು ಬೆಂಗಳೂರಿಗೆ ಕರೆತಂದಿರುತ್ತದೆ. ನಗರದ ನಡುವೆ ಅಂಗೈಯಗಲದ ನೆಲವೂ ಅವನ ಶಕ್ತಿಗೆ ಮೀರಿದ್ದಾಗಿರುತ್ತದೆ. ಆದುದರಿಂದ ಅಂಚಿಗೆ ಹೋಗಲೇಬೇಕು. ಭಾನುವಾರ ಬೆಳಗ್ಗೆ ದಲ್ಲಾಳಿಯ ಮೋಟಾರಿನಲ್ಲಿ ಕುಳಿತು ನಾಲ್ಕಾರು ಬಡಾವಣೆಗಳನ್ನು ಸುತ್ತಿ, ಹೆಬ್ಬಾಗಿಲ ಕಮಾನನ್ನೂ ಹುಲ್ಲುಹಾಸನ್ನೂ ಕಂಡು ಮೆಚ್ಚಿ, ಮಧ್ಯಾಹ್ನದ ಊಟದೊಳಗೆ ಮುಂಗಡ ಕೊಟ್ಟು ಬರುವವರನ್ನು ನಾವು ಕಂಡಿದ್ದೇವೆ. ರೇಷ್ಮೆ ಸೀರೆಯೊಂದನ್ನು ಕೊಳ್ಳುವಾಗ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು!

ಹಿಂದಿನವರು ಈ ಕೆಲಸವನ್ನು ಬೇರೆ ಕಣ್ಣಿನಿಂದ ನೋಡಿದ್ದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಗಾಳಿಬೆಳಕುಗಳಿಲ್ಲದೆ ಒತ್ತೊತ್ತಾಗಿ ನಿಂತಿದ್ದ ಪೇಟೆಯ ಮನೆಗಳಲ್ಲಿ ವಾಸಿಸುವುದೇ ಅಪಾಯಕರವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಭರದಿಂದ ಬೆಳೆದದ್ದು ಅದರ ಬಳಿಕವೇ. ನೇರವಾದ ರಸ್ತೆಗಳು, ಮನೆಗಳ ಸುತ್ತ ಬಯಲು, ಮನೆಗಳ ಹಿಂದೆ ಕಸ ಸಾಗಿಸುವುದಕ್ಕೆಂದೇ ಬಿಟ್ಟ ಗಲ್ಲಿಗಳು, ಇವೆಲ್ಲವೂ ಆಗಿನ ಭಯದಿಂದ ಹುಟ್ಟಿದ ವಿವೇಕದ ಗುರುತುಗಳು. ಇಂದಿಗೂ ಈ ಎರಡು ಬಡಾವಣೆಗಳ ಹೆಸರೆತ್ತಿದರೆ ಜನರ ಮುಖವರಳುವುದು. ಮನೆಯ ಒಳಗನ್ನು ನೋಡುವ ಮೊದಲು ಅದರ ಹಿಂಬದಿಯನ್ನು ಯೋಚಿಸಿದ್ದರ ಫಲವದು ಎಂದು ನಮ್ಮ ಅಭಿಪ್ರಾಯ.

ಈಗ ಅಂಚಿನಲ್ಲಿ ಸ್ಥಳವನ್ನು ಆರಿಸುವ ಸಂಸಾರವು ಮೊದಲು ಕೇಳತಕ್ಕದ್ದು ನೀರಿನ ಪ್ರಶ್ನೆಯನ್ನು. ನದಿಯಿಲ್ಲದ ಊರು ಬೆಂಗಳೂರು. ಕೆರೆಬಾವಿಗಳು ಸಾಲದಾದ ಮೇಲೆ ಹೆಸರಘಟ್ಟದಿಂದಲೂ, ೧೯೩೩ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರನ್ನು ತಂದರು. ೧೯೭೪ರಲ್ಲಿ ಕಾವೇರಿ ಬಂದಿತು. ಸುಮಾರು ೧೦೦ ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ನೆಲೆಗಳಲ್ಲಿ ಯಂತ್ರಗಳಿಂದ ಮೇಲೆತ್ತಿ, ಒಟ್ಟು ೫೦೦ ಮೀಟರುಗಳಷ್ಟು ಎತ್ತರಕ್ಕೆ ಏರಿಸಿದ ನೀರು ನಗರದ ನಲ್ಲಿಗಳಲ್ಲಿ ಬೀಳುತ್ತದೆ. ಇಷ್ಟು ಕಷ್ಟದಿಂದ ಬರುವ ನೀರು ಊರು ಬೆಳೆದಷ್ಟು ವೇಗದಲ್ಲಿ ಅಂಚಿಗೆ ತಲಪಲಾರದೆಂಬುದನ್ನು ಹೇಳಬೇಕಾಗಿಲ್ಲ. ೨೦೦೭ರಲ್ಲಿ ಸುತ್ತಣ ೧೧೦ ಹಳ್ಳಿಗಳನ್ನು ಮಹಾನಗರಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳನ್ನು ಉದ್ದೇಶಿಸಿದ ಕಾವೇರಿಯ ಐದನೆಯ ಹಂತದ ಉದ್ಘಾಟನೆಯಾದುದು ೨೦೨೪ರ ಅಕ್ಟೋಬರಿನಲ್ಲಿ. ನಗರಕ್ಕೆ ಸೇರಿದ ವರ್ಷ ತೊಟ್ಟಿಲಲ್ಲಿದ್ದ ಕೂಸು ಉದ್ಘಾಟನೆಯ ಹೊತ್ತಿಗೆ ಕಾಲೇಜಿನ ಮೆಟ್ಟಿಲು ಹತ್ತಿತ್ತು.

ನಡುವಣ ವರ್ಷಗಳಲ್ಲಿ ಅಲ್ಲಿನ ಸಂಸಾರಗಳು ಬದುಕಿದ್ದು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ. ೨೦೨೪ರ ಬೇಸಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿಹೋದಾಗ, ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಕೇಳತೊಡಗಿದರೆಂದು ಜಿಲ್ಲಾಡಳಿತವೇ ನಡುವೆ ಬಂದು, ಐದು ಕಿಲೋಮೀಟರಿನೊಳಗಣ ಸಾಗಣೆಗೆ ೬,೦೦೦ ಲೀಟರಿಗೆ ೬೦೦ ರೂಪಾಯಿ, ೧೨,೦೦೦ ಲೀಟರಿಗೆ ೧,೦೦೦ ರೂಪಾಯಿ ಎಂದು ದರ ಕಟ್ಟಬೇಕಾಯಿತು. ನಮ್ಮ ಗೃಹಿಣಿಯರು ಲೆಕ್ಕದಲ್ಲಿ ಗಟ್ಟಿಗರು. ಅವರೇ ಎಣಿಸಿ ನೋಡಲಿ. ನಗರವಾಸಿಯೊಬ್ಬನಿಗೆ ದಿನಕ್ಕೆ ೧೩೫ ಲೀಟರು ಬೇಕೆಂಬುದು ಸರಕಾರವು ಇಟ್ಟುಕೊಂಡಿರುವ ಅಳತೆ. ಐವರ ಸಂಸಾರಕ್ಕೆ ತಿಂಗಳಿಗೆ ೨೦,೦೦೦ ಲೀಟರು ದಾಟುವುದು. ಎಂದರೆ ಸಣ್ಣ ಟ್ಯಾಂಕರುಗಳು ಮೂರಕ್ಕೂ ಹೆಚ್ಚು. ಸರಕಾರದ ದರದಲ್ಲಿಯೇ ತಿಂಗಳಿಗೆ ಎರಡು ಸಾವಿರ ರೂಪಾಯಿ ನೀರಿಗೇ ಹೋಯಿತು. ಹಣಕ್ಕಿಂತಲೂ, ಟ್ಯಾಂಕರು ಈ ದಿನ ಬರುವುದೋ ಇಲ್ಲವೋ ಎಂದು ಬಾಗಿಲಲ್ಲಿ ಕಾಯುವ ಬೇಗುದಿ ಹೆಚ್ಚಿನದು. ಅದು ಬಹುಮಟ್ಟಿಗೆ ಮನೆಯೊಡತಿಯ ಪಾಲಿಗೇ ಬರುವುದು.

ಮಳೆಯ ನೀರನ್ನು ಹಿಡಿದಿಡುವುದು ಇದಕ್ಕೆ ಒಳ್ಳೆಯ ಆಸರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ೯೭೦ ಮಿಲಿಮೀಟರಿನಷ್ಟು ಮಳೆಯಾಗುವುದು. ಸಾವಿರ ಚದರಡಿಯ ತಾರಸಿಯ ಮೇಲೆ ಅದರಿಂದ ಬೀಳುವ ನೀರು ೯೦,೦೦೦ ಲೀಟರು. ಪೂರ್ತಿಯಾಗಿ ಹಿಡಿದರೆ ಮೇಲಿನ ಸಂಸಾರಕ್ಕೆ ನಾಲ್ಕು ತಿಂಗಳ ನೀರು. ಆದರೆ ಮಳೆ ತಿಂಗಳ ಸಂಬಳದಂತೆ ಬರುವುದಿಲ್ಲವಷ್ಟೆ. ನೆಲದಡಿಯ ತೊಟ್ಟಿ ದೊಡ್ಡದಾಗಿರಬೇಕು, ಇಂಗುಗುಂಡಿ ನಿಜವಾಗಿಯೂ ಇಂಗಬೇಕು. ತೋರಿಕೆಗೆ ಒಂದು ಕೊಳಾಯಿಯನ್ನು ಇಳಿಸಿ, ಕೆಳಗೆ ಎರಡು ಬುಟ್ಟಿ ಜಲ್ಲಿ ಸುರಿದು, ಇದೇ ಮಳೆಕೊಯ್ಲು ಎನ್ನುವ ಕಟ್ಟಡಗಳು ಬೇಕಾದಷ್ಟಿವೆ.

ನೀರು ಬರುವ ದಾರಿಯನ್ನು ವಿಚಾರಿಸುವವರಾದರೂ ಉಂಟು. ಹೋಗುವ ದಾರಿಯನ್ನು ವಿಚಾರಿಸುವವರು ಅಪೂರ್ವ. ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳನ್ನು ಕೂಡಿ ಕಾವೇರಿಗೆ ಹೋಗುವುದು. ಮೂಡಣಕ್ಕೆ ಬಿದ್ದುದು ದಕ್ಷಿಣಪಿನಾಕಿನಿಯ ಪಾಲು. ಈ ಇಳಿಜಾರುಗಳಲ್ಲಿ ನಮ್ಮ ಹಿರಿಯರು ಕೆರೆಗಳ ಸರಪಣಿಯನ್ನೇ ಕಟ್ಟಿದ್ದರು. ಮೇಲಿನ ಕೆರೆ ಕೋಡಿಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ನಗರ ಬೆಳೆದಂತೆ ಕೆರೆಗಳು ಅಡಗಿದವು. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ನೆಲದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ನೆಲದಲ್ಲಿ. ಕೆರೆಯನ್ನು ನಾವು ಮರೆತರೂ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತಣ ಬಡಾವಣೆಗಳು ಮುಳುಗಿ, ಕೋಟಿಗಟ್ಟಲೆ ಬೆಲೆಯ ಮನೆಗಳವರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಕರೆತರಬೇಕಾಯಿತು. ಮನೆಯ ಬೆಲೆಗೂ ನೆಲದ ಮಟ್ಟಕ್ಕೂ ಯಾವ ಸಂಬಂಧವೂ ಇಲ್ಲವೆಂದು ಆ ವಾರ ಎಲ್ಲರೂ ಕಂಡರು.

ಹಾಗಾದರೆ ಮಾಡತಕ್ಕದ್ದೇನು? ನಿವೇಶನದ ಸರ್ವೆ ನಂಬರನ್ನು ತಿಳಿದುಕೊಂಡು, ಹಳೆಯ ಗ್ರಾಮನಕ್ಷೆಯಲ್ಲಿ ಅದರ ಸುತ್ತ ಕೆರೆ, ಕಾಲುವೆ, ಹಳ್ಳಗಳಿವೆಯೇ ಎಂದು ನೋಡತಕ್ಕದ್ದು. ನಾವು ನಿಂತ ನೆಲದ ಸರ್ವೆ ನಂಬರನ್ನು ಕೈಫೋನಿನಲ್ಲಿಯೇ ತೋರಿಸುವ ದಿಶಾಂಕ್ ಎಂಬ ಸಾಧನವನ್ನು ರಾಜ್ಯಸರಕಾರವೇ ಒದಗಿಸಿದೆ. ಊರಿನ ಹೆಸರೂ ಸಾಕ್ಷಿ ಹೇಳುವುದುಂಟು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳಲ್ಲಿರುವ ಸಂದ್ರವು ನಾಲಗೆಯ ಮೇಲೆ ಸವೆದ ಸಮುದ್ರವೇ. ನಮ್ಮವರು ದೊಡ್ಡ ಕೆರೆಗೆ ಸಮುದ್ರವೆನ್ನುತ್ತಿದ್ದರು. ಹಾಗೆಂದ ಮಾತ್ರಕ್ಕೆ ಆ ಊರುಗಳೆಲ್ಲ ಮುಳುಗುವುವೆಂದಲ್ಲ. ಕೆರೆ ಎಲ್ಲಿತ್ತು, ಕೋಡಿ ಯಾವ ಕಡೆಗಿತ್ತು ಎಂದು ಅಲ್ಲಿಯ ಹಳೆಯ ಒಕ್ಕಲಿಗರನ್ನು ಕೇಳುವುದು ಮೇಲು. ಸ್ಥಳವನ್ನು ಎರಡು ಸಲ ನೋಡಬೇಕು: ಚೈತ್ರವೈಶಾಖಗಳ ಬಿಸಿಲಲ್ಲೊಮ್ಮೆ, ಮಳೆ ಹೆಚ್ಚಾಗಿರುವ ಸೆಪ್ಟೆಂಬರ್ ಅಕ್ಟೋಬರುಗಳಲ್ಲೊಮ್ಮೆ. ಮೊದಲನೆಯ ಸಲ ನೀರಿನ ಬರ ಕಾಣುವುದು, ಎರಡನೆಯ ಸಲ ನೀರಿನ ಕಾಟ. ಕೇಳುವುದನ್ನು ದಲ್ಲಾಳಿಯಲ್ಲಿ ಕೇಳಬಾರದು. ಮೂಲೆಯ ದಿನಸಿ ಅಂಗಡಿಯವನಲ್ಲಿ, ಹಾಲು ಹಾಕುವವನಲ್ಲಿ ಕೇಳಬೇಕು.

ಕಾಗದಪತ್ರಗಳ ವಿಷಯವನ್ನು ವಕೀಲರಿಗೆ ಬಿಡುವೆವು. ಎರಡು ಮಾತು ಮಾತ್ರ. ಬಿ ಖಾತೆಯೆಂಬುದು ಕ್ರಮವಾಗಿ ಮಂಜೂರಾಗದ ಆಸ್ತಿಗಳಿಂದ ತೆರಿಗೆ ಪಡೆಯುವುದಕ್ಕಾಗಿ ಇಟ್ಟ ದಫ್ತರು. ತೆರಿಗೆ ಕಟ್ಟಿದ ರಶೀದಿಯನ್ನು ತೋರಿಸಿ ಎಲ್ಲವೂ ಸರಿಯಾಗಿದೆಯೆನ್ನುವವನ ಮಾತಿಗೆ ಮರುಳಾಗಕೂಡದು. ಇನ್ನೊಂದು, ಮಂಜೂರಾದ ನಕ್ಷೆಯಲ್ಲಿ ಉದ್ಯಾನವೆಂದೂ ಶಾಲೆಗೆಂದೂ ಗುರುತಿಸಿದ ಜಾಗಗಳು ನೆಲದ ಮೇಲೂ ಇವೆಯೇ ಎಂದು ಕಾಲಿನಿಂದ ನಡೆದು ನೋಡಬೇಕು.

ಇನ್ನು ದೂರದ ಮಾತು. ನಗರದಿಂದ ಇಷ್ಟು ಕಿಲೋಮೀಟರು ಎಂದು ಜಾಹೀರಾತಿನಲ್ಲಿ ಅಚ್ಚುಹಾಕುವುದು ನಿರರ್ಥಕ. ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ಹೊರಟು, ಸಂಜೆ ಮಳೆಯಲ್ಲಿ ಹಿಂದಿರುಗಿ, ಗಡಿಯಾರವನ್ನು ನೋಡಿಕೊಂಡರೆ ನಿಜವಾದ ದೂರ ತಿಳಿಯುವುದು. ಮುಂದೆ ರೈಲು ಬರುವುದೆಂಬ ಆಸೆಯನ್ನು ಬೆಲೆಗೆ ಸೇರಿಸಿ ಕೊಡುವವರು ಕ್ಷಣಕಾಲ ನಿಲ್ಲಬೇಕು. ಬೊಮ್ಮಸಂದ್ರದ ಮೆಟ್ರೋ ಮಾರ್ಗ ೨೦೨೫ರ ಆಗಸ್ಟಿನಲ್ಲಿ ತೆರೆಯಿತು. ಅದಕ್ಕೆ ಮುನ್ನ ಎಷ್ಟೋ ಗಡುವುಗಳು ಬಂದುಹೋದವು. ಓಡುತ್ತಿರುವ ರೈಲಿಗೆ ಹಣ ಕೊಡಬಹುದು, ನಕ್ಷೆಯ ಮೇಲಿನ ಗೆರೆಗೆ ಕೊಡಲಾಗದು.

ದೂರವನ್ನು ಅಳೆಯುವಾಗ ನಾವು ದುಡಿಯಲು ಹೋಗುವವನ ಹಾದಿಯನ್ನಷ್ಟೇ ಅಳೆಯುತ್ತೇವೆ. ಹಗಲೆಲ್ಲ ಮನೆಯಲ್ಲುಳಿಯುವವರ ಹಾದಿಯ ಗತಿಯೇನು? ನಮಗೆ ಪರಿಚಯದ ಒಂದು ಸಂಸಾರ ಹಳೆಯ ಮೈಸೂರಿನ ಸೀಮೆಯ ಸಣ್ಣ ಪಟ್ಟಣದಿಂದ ತಾಯಿಯನ್ನು ಕರೆತಂದು, ಅಂಚಿನ ದೊಡ್ಡ ವಸತಿ ಸಮುಚ್ಚಯದಲ್ಲಿ ನೆಲಸಿತು. ಹನ್ನೆರಡನೆಯ ಅಂತಸ್ತು, ಗಾಳಿಬೆಳಕಿಗೆ ಕೊರತೆಯಿಲ್ಲ, ಈಜುಕೊಳವೂ ಉಂಟು. ತಾಯಿ ಒಂದು ವಾರ ಎಲ್ಲವನ್ನೂ ನೋಡಿ ಮಗನಿಗೆ ಹೇಳಿದರಂತೆ: “ಮನೆಯೇನೋ ಚೆನ್ನಾಗಿದೆಯಪ್ಪಾ, ಊರೆಲ್ಲಿದೆ?” ಆ ಮಗನಿಗೆ ಉತ್ತರ ತಿಳಿಯಲಿಲ್ಲ. ಹೆಬ್ಬಾಗಿಲಿನ ಹೊರಗೆ ಆರು ಸಾಲಿನ ಹೆದ್ದಾರಿ. ಕೊತ್ತಂಬರಿ ಸೊಪ್ಪಿಗೂ ಫೋನಿನಲ್ಲಿ ಹೇಳಿಕಳುಹಿಸಬೇಕು. ಗುಡಿಗೆ ಹೋಗಬೇಕಾದರೆ ಬಾಡಿಗೆ ಕಾರು ಬರಬೇಕು. ಊರಿನಲ್ಲಿ ಬೆಳಗ್ಗೆ ಹೂವಿನವಳೊಂದಿಗೂ ಸಂಜೆ ಜಗಲಿಯ ಮೇಲೆ ನೆರೆಯವರೊಂದಿಗೂ ಮಾತಾಡಿ ಎಪ್ಪತ್ತು ವರ್ಷ ಕಳೆದ ಆಕೆ ಈಗ ಇಡೀ ಹಗಲು ಕಿಟಕಿಯ ಬಳಿ ಕುಳಿತಿರುವರು. ಮೊಮ್ಮಗಳ ಪಾಡೂ ಹೆಚ್ಚು ಕಡಮೆ ಇದೇ. ಶಾಲೆಯ ಬಸ್ಸಿನಲ್ಲಿ ಹೋಗಿಬರುವುದಕ್ಕೆ ಎರಡು ಗಂಟೆ ಕಳೆಯುವಳು, ಗೆಳತಿಯ ಮನೆಗೆ ಒಬ್ಬಳೇ ಹೋಗುವಂತಿಲ್ಲ.

ಆದುದರಿಂದ ನಮ್ಮ ಒಲವು ಹಳೆಯ ಊರುಗಳ ಕಡೆಗೆ. ಬೆಂಗಳೂರಿನ ಅಂಚಿನಲ್ಲಿ, ನಗರ ಬಂದು ತಲಪುವ ಮೊದಲೇ ಊರಾಗಿದ್ದ ಊರುಗಳಿವೆ. ಕೆಂಗೇರಿ ಅಂಥದು, ಮೈಸೂರು ರೈಲುದಾರಿಯಲ್ಲಿದೆ, ೨೦೨೧ರ ಆಗಸ್ಟಿನಿಂದ ಮೆಟ್ರೋ ಬರುತ್ತದೆ, ಹಳೆಯ ಪೇಟೆಯೂ ಪಕ್ಕದಲ್ಲಿ ಯೋಜಿತವಾದ ಉಪನಗರವೂ ಉಂಟು. ಯಲಹಂಕವೂ ಹೀಗೆಯೇ. ಕಾಡುಗೋಡಿಯ ಬಳಿಯ ವೈಟ್‌ಫೀಲ್ಡ್ ೧೮೮೨ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ವಸಾಹತಾಗಿ ಹುಟ್ಟಿದ್ದು. ಅಲ್ಲಿಗೂ ೨೦೨೩ರಲ್ಲಿ ಮೆಟ್ರೋ ತಲಪಿತು. ಇವು ನಿರ್ದೋಷವಾದ ಸ್ಥಳಗಳೆಂದು ಹೇಳುತ್ತಿಲ್ಲ. ಕೆಂಗೇರಿಯ ಬಳಿ ಹರಿಯುವ ವೃಷಭಾವತಿ ನಗರದ ಕೊಳಚೆಯನ್ನು ಹೊತ್ತು ಬರುವುದರಿಂದ, ಹೊಳೆಗೆ ಹತ್ತಿರದಲ್ಲಿ ಮನೆ ನೋಡುವವರು ಮೂಗಿನ ಸಲಹೆಯನ್ನೂ ಕೇಳಬೇಕು. ೨೦೨೪ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ವಸತಿ ಸಮುಚ್ಚಯವೊಂದು ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಒಂದೇ ಊರಿನಲ್ಲಿ ಎತ್ತರದ ಬೀದಿ ಬೇರೆ, ತಗ್ಗಿನ ಬೀದಿ ಬೇರೆ. ಆದರೂ ನಡೆದುಹೋಗುವಷ್ಟು ದೂರದಲ್ಲಿ ತರಕಾರಿ, ವೈದ್ಯ, ಶಾಲೆ, ಗುಡಿ ಇವು ದೊರೆಯುವ ಕಡೆ ಎರಡು ಕೋಣೆಯ ಮನೆ, ಏನೂ ಇಲ್ಲದ ಬಯಲಿನಲ್ಲಿ ನಾಲ್ಕು ಕೋಣೆಯ ಮನೆಗಿಂತ ಸಂಸಾರಕ್ಕೆ ಅನುಕೂಲವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ರಾಜಗೋಪಾಲಾಚಾರ್ಯರು ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದಾಗ ಅದೂ ಊರ ಹೊರಗೇ ಇತ್ತು, ಇಂದು ನಟ್ಟನಡುವೆ ಇದೆ. ಹಾಗೆಯೇ ಇಂದಿನ ಬಯಲು ನಾಳೆಯ ಜಯನಗರವಾಗಬಾರದೇಕೆ ಎನ್ನುವರು. ಆಗಬಹುದು. ಆದರೆ ಜಯನಗರದಲ್ಲಿ ಮನೆಗಳಿಗೆ ಮುನ್ನ ರಸ್ತೆಯ ಅಗಲವನ್ನೂ ಉದ್ಯಾನಕ್ಕೂ ಅಂಗಡಿಬೀದಿಗೂ ಜಾಗವನ್ನೂ ಗುರುತಿಸಿದ್ದರು. ಕಾಲ ಕಳೆದರೆ ದೂರ ಹತ್ತಿರವಾಗುವುದು ದಿಟ. ಇಪ್ಪತ್ತಡಿಯ ರಸ್ತೆ ಕಾಲ ಕಳೆದರೂ ನಲವತ್ತಡಿಯಾಗುವುದಿಲ್ಲ.

ಕೊನೆಯದಾಗಿ ಒಂದು ಸೂಚನೆ. ಮನಸ್ಸಿಗೆ ಒಪ್ಪಿದ ಬಡಾವಣೆಯಲ್ಲಿ ಕೊಳ್ಳುವುದಕ್ಕೆ ಮುನ್ನ ಬಾಡಿಗೆಗೆ ಇದ್ದು ನೋಡುವುದು ಸಾಧ್ಯವಾದರೆ ಹಾಗೆಯೇ ಮಾಡತಕ್ಕದ್ದು. ಸಾಮಾನು ಎರಡು ಸಲ ಸಾಗಿಸುವ ಖರ್ಚು ಬೀಳುವುದು, ಮಕ್ಕಳ ಶಾಲೆಯ ತೊಡಕೂ ಇರುವುದು. ಇಪ್ಪತ್ತು ವರ್ಷ ಕಂತು ಕಟ್ಟುವ ಸಾಲದೆದುರಿಗೆ ಅದು ಸಣ್ಣದು. ಇಲ್ಲಿನ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಸಂಕ್ರಾಂತಿ ಕಳೆದೊಡನೆ ಹಾಲುಕ್ಕಿಸಿ ಒಳಹೊಕ್ಕರೆ, ಏಪ್ರಿಲಿನ ಟ್ಯಾಂಕರೂ ಅಕ್ಟೋಬರಿನ ಮಳೆಯೂ ಆ ಕರಾರಿನೊಳಗೇ ಬೀಳುವುವು.